ಸಂಸಾರದ ಮೋಟಾರು: ಆಸನವೆಷ್ಟು, ಸಾಲವೆಷ್ಟು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಪುರಜನರಲ್ಲಿಯೂ ನೌಕರವರ್ಗದವರಲ್ಲಿಯೂ ಈಚಿನ ದಿನಗಳಲ್ಲಿ ಒಂದು ಪ್ರಶ್ನೆಯು ಬಲವಾಗಿ ಬೇರೂರಿದೆ. 2025ನೆಯ ಇಸವಿ ಸೆಪ್ಟೆಂಬರು 22ನೆಯ ತಾರೀಖಿನಿಂದ ಮೋಟಾರು ಕಾರುಗಳ ಮೇಲಣ ಸರಕು ಮತ್ತು ಸೇವಾ ತೆರಿಗೆಯನ್ನು ಕೇಂದ್ರ ಸರಕಾರದವರು ಇಳಿಸಿದುದೇ ತಡ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೋಗಬಹುದಾದ ದೊಡ್ಡ ಗಾಡಿಯೊಂದನ್ನು ಕೊಳ್ಳಬಹುದಲ್ಲವೆ ಎಂಬ ಆಲೋಚನೆಯು, ಅಲ್ಪಸ್ವಲ್ಪ ಸಂಬಳದ ಗೃಹಸ್ಥರ ಮನೆಗಳಲ್ಲಿಯೂ ಪ್ರವೇಶಿಸಿತು. ಮಾರಾಟಗಾರರ ಜಾಹೀರಾತುಗಳು ಒಂದು ಕಡೆ, ಸಾಲ ಕೊಡುವ ಬ್ಯಾಂಕುಗಳ ಆಹ್ವಾನ ಮತ್ತೊಂದು ಕಡೆ, ಬಂಧುಬಳಗದವರ ಉಪದೇಶ ಮೂರನೆಯ ಕಡೆ. ಇವುಗಳ ನಡುವೆ ನಿಂತ ಗೃಹಸ್ಥನಿಗೆ ನಿಷ್ಪಕ್ಷಪಾತವಾಗಿ ಲೆಕ್ಕ ಹೇಳುವವರು ಕಡಿಮೆ. ಆದುದರಿಂದ ಈ ವಿಷಯವನ್ನು ಇಂದು ನಮ್ಮ ವಾಚಕ ಮಹಾಶಯರ ಮುಂದೆ ಇಡುವುದು ಯುಕ್ತವೆಂದು ತಿಳಿದಿದ್ದೇವೆ.

ಮೊನ್ನೆ ಕೊರಟಗೆರೆ ತಾಲ್ಲೂಕಿನ ಉಪಾಧ್ಯಾಯರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. “ಸ್ವಾಮಿ, ನಾವು ಮನೆಯಲ್ಲಿ ಏಳು ಜನ. ತಂದೆ ತಾಯಿ, ನಾವಿಬ್ಬರು, ಇಬ್ಬರು ಮಕ್ಕಳು, ಮದುವೆಗೆ ಬಂದ ತಂಗಿ. ತಂದೆಯವರಿಗೆ ಮಂಡಿ ಹಿಡಿದಿದೆ. ಬಸ್ಸಿನ ಮೆಟ್ಟಿಲು ಹತ್ತಲಾರರು. ಕೈಯಲ್ಲಿ ಮೂರು ಲಕ್ಷ ಉಳಿತಾಯವಿದೆ. ಏಳು ಲಕ್ಷ ಸಾಲ ಕೊಡುತ್ತೇವೆ, ಏಳು ವರ್ಷಕ್ಕೆ ತೀರಿಸಿ ಎಂದು ಬ್ಯಾಂಕಿನವರು ಹೇಳುತ್ತಾರೆ. ಏಳು ಆಸನದ ಗಾಡಿ ತೆಗೆದುಕೊಳ್ಳಲೋ ಬೇಡವೋ, ತಾವೇ ಹೇಳಬೇಕು” ಎಂದರು. ಅವರಿಗೆ ಅಂದು ನಾವು ಕೊಟ್ಟ ಉತ್ತರವು ಅರ್ಧವಾಗಿತ್ತು. ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಇಂಥ ಉಪಾಧ್ಯಾಯರು ಒಬ್ಬರಲ್ಲ, ನೂರಾರು ಜನ.

ದೊಡ್ಡ ಕಾರಿನ ಆಸೆಯನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಸೀಮೆಯ ಸ್ಥಿತಿಯನ್ನು ಬಲ್ಲವರು ಹಾಗೆ ಹೇಳಲಾರರು. ಶಿರಾ ಪಟ್ಟಣವೊಂದಕ್ಕೆ ಬೆಂಗಳೂರು-ಪುಣೆ ಹೆದ್ದಾರಿಯ ಭಾಗ್ಯವುಂಟು. ಮಧುಗಿರಿಯಿಂದ ರಾಜಧಾನಿಗೆ ಸುಮಾರು ನೂರು ಕಿಲೋಮೀಟರು. ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೇ ಅಷ್ಟು ದೂರ. ಮೂರು ಕಡೆಯಿಂದಲೂ ಆಂಧ್ರದ ನೆಲದಿಂದ ಆವರಿಸಲ್ಪಟ್ಟ ಪಾವಗಡದವರು ಒಂದು ಕಾಗದಪತ್ರದ ಕೆಲಸಕ್ಕಾಗಲಿ, ಒಂದು ದೊಡ್ಡ ಆಸ್ಪತ್ರೆಗಾಗಲಿ ಇಡೀ ದಿನವನ್ನು ಕಳೆಯಬೇಕು. ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಧುಗಿರಿಯನ್ನೇ ಜಿಲ್ಲೆಯನ್ನಾಗಿ ಮಾಡಬೇಕೆಂಬ ಕೂಗಿಗೆ ಮೂಲವೂ ಈ ದೂರವೇ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮಾರ್ಗವಾಗಿ ರಾಯದುರ್ಗಕ್ಕೆ ರೈಲು ಹಾಕುವ ಯೋಜನೆಯು ಎಷ್ಟೋ ವರ್ಷಗಳಿಂದ ತೆವಳುತ್ತ ಬಂದಿದೆ. ರೈಲಿಲ್ಲದ ಸೀಮೆಯಲ್ಲಿ ರಸ್ತೆಯೇ ದೈವ.

ಬಸ್ಸುಗಳ ವಿಷಯದಲ್ಲಿ ಸರಕಾರದವರು ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2023ನೆಯ ಇಸವಿ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಕಾಸಿಲ್ಲದೆ ಸಂಚರಿಸುವಂತಾಯಿತು. ಗೊರವನಹಳ್ಳಿಯ ಮಹಾಲಕ್ಷ್ಮಿಯ ಸನ್ನಿಧಿಗೂ ಪಾವಗಡದ ಶನಿಮಹಾತ್ಮನ ಗುಡಿಗೂ ಹೋಗುವ ತಾಯಂದಿರಿಗೆ ಇದು ದೊಡ್ಡ ಉಪಕಾರ. ಆದರೆ ಟಿಕೆಟ್ಟು ಬಿಟ್ಟಿಯಾದ ಮಾತ್ರಕ್ಕೆ ಮೆಟ್ಟಿಲು ತಗ್ಗಾಗುವುದಿಲ್ಲ. ಹೊತ್ತು ಮುಳುಗಿದ ಮೇಲೆ ಹಳ್ಳಿಗೆ ಬಸ್ಸು ಬರುವುದಿಲ್ಲ. ಮಂಡಿ ಹಿಡಿದ ವೃದ್ಧರಿಗೂ ನಡುರಾತ್ರಿಯ ರೋಗಿಗೂ ಬಸ್ಸಿನ ಮಾತು ಸಮಾಧಾನವಾಗದು.

ಇದಕ್ಕಿಂತ ಗಂಭೀರವಾದ ಸಂಗತಿಯೊಂದುಂಟು. ಆಸನಕ್ಕಿಂತ ಹೆಚ್ಚು ಜನರನ್ನು ತುಂಬುವ ದುರಭ್ಯಾಸಕ್ಕೆ ನಮ್ಮ ಸೀಮೆಯು ತೆತ್ತ ಬೆಲೆಯನ್ನು ಯಾರೂ ಮರೆಯಲಾಗದು. 2022ನೆಯ ಇಸವಿ ಮಾರ್ಚಿ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿಯ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ಸು ಉರುಳಿ, ಪಾಠಕ್ಕೆಂದು ಹೊರಟಿದ್ದ ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟು 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಹತ್ತಿರ ಹೆದ್ದಾರಿಯಲ್ಲಿ, ರಾಯಚೂರು ಸೀಮೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಬಡವರ ಕ್ರೂಸರ್ ಗಾಡಿಗೂ ಲಾರಿಗೂ ಅಪಘಾತವಾಗಿ ಒಂಬತ್ತು ಜನ ಮಡಿದರು. ಐದು ಆಸನದ ಕಾರಿನಲ್ಲಿ ಎಂಟು ಜನರನ್ನು ತುರುಕಿ, ಮಗುವನ್ನು ಮುಂದಿನ ತೊಡೆಯ ಮೇಲೆ ಕೂರಿಸಿಕೊಂಡು ಮದುವೆಗೆ ಹೋಗುವ ನಮ್ಮ ಮಧ್ಯಮ ವರ್ಗದವರು, ಈ ಬಡವರಿಗಿಂತ ತಾವು ಸುರಕ್ಷಿತರೆಂದು ತಿಳಿದಿದ್ದರೆ ಅದು ಭ್ರಮೆ. ತಲೆಗೊಂದು ಆಸನ, ಆಸನಕ್ಕೊಂದು ಪಟ್ಟಿ, ಇದು ಐಶ್ವರ್ಯದ ಮಾತಲ್ಲ, ಪ್ರಾಣದ ಮಾತು.

ಹಾಗಾದರೆ ಏಳು ಆಸನದ ಗಾಡಿಯು ಸಾಮಾನ್ಯ ಗೃಹಸ್ಥನಿಗೆ ಏಕೆ ಎಟುಕದು? ಇದರ ಉತ್ತರಕ್ಕೆ ತೆರಿಗೆಯ ಗಜಕಡ್ಡಿಯನ್ನು ನೋಡಬೇಕು. 2006ನೆಯ ಇಸವಿಯ ಕೇಂದ್ರ ಆಯವ್ಯಯದಲ್ಲಿ ಸಣ್ಣ ಕಾರುಗಳಿಗೆ ಸುಂಕ ಇಳಿಸಿದಾಗ, ಸಣ್ಣದು ಯಾವುದು ಎಂಬುದಕ್ಕೆ ಒಂದು ಅಳತೆಯನ್ನು ಇಟ್ಟರು: ಉದ್ದ ನಾಲ್ಕು ಮೀಟರು ಮೀರಕೂಡದು, ಯಂತ್ರವು ಪೆಟ್ರೋಲಿನದಾದರೆ 1200, ಡೀಸೆಲಿನದಾದರೆ 1500 ಸಿ.ಸಿ. ಮೀರಕೂಡದು. ಆ ಅಳತೆಯೇ ಇಂದಿಗೂ ಉಳಿದಿದೆ. 2025ರ ಸೆಪ್ಟೆಂಬರಿನಲ್ಲಿ ಈ ಗೆರೆಯ ಒಳಗಿನ ಗಾಡಿಗೆ ನೂರಕ್ಕೆ 18, ಹೊರಗಿನದಕ್ಕೆ ನೂರಕ್ಕೆ 40 ಎಂದು ಗೊತ್ತುಮಾಡಿದರು. ಅದಕ್ಕೆ ಮುಂಚೆ ಸಣ್ಣ ಪೆಟ್ರೋಲು ಕಾರಿಗೆ ಮೇಲುತೆರಿಗೆಯೂ ಸೇರಿ 29, ಸಣ್ಣ ಡೀಸೆಲು ಕಾರಿಗೆ 31, ನಡುಗಾತ್ರದ್ದಕ್ಕೆ 45 ಇತ್ತು. ಅಂದರೆ ಇಳಿತದ ಬಹುಭಾಗವು ನಾಲ್ಕು ಮೀಟರಿನ ಒಳಗಿನವರಿಗೇ ಸಂದಿತು. ಇಬ್ಬರೇ ಇರುವ ಧನಿಕ ದಂಪತಿಗಳು ಕೊಳ್ಳುವ ಬೆಡಗಿನ ಗಿಡ್ಡ ಗಾಡಿಗೆ 18; ಏಳು ಜನರ ಸಂಸಾರವನ್ನು ಹೊರುವ ಉದ್ದ ಗಾಡಿಗೆ 40! ಬಾಯಿ ಎಣಿಸಿ ಅಕ್ಕಿ ಕೊಡುವ ಸರಕಾರವು, ತಲೆ ಎಣಿಸದೆ ಬಂಪರಿನಿಂದ ಬಂಪರಿಗೆ ಅಳೆದು ತೆರಿಗೆ ಹಾಕುವುದು ವಿಚಿತ್ರವಲ್ಲವೆ?

ಇನ್ನು ರಾಜ್ಯ ಸರಕಾರದ ಪಾಲು. ಜೀವಾವಧಿ ರಸ್ತೆ ತೆರಿಗೆಯಲ್ಲಿ ನಮ್ಮ ಕರ್ನಾಟಕವು ದೇಶದ ಮುಂಚೂಣಿಯಲ್ಲಿದೆ. ಇದು ಹೆಮ್ಮೆಯ ವಿಷಯವೆಂದು ನಾವು ಭಾವಿಸುವುದಿಲ್ಲ. ಐದು ಲಕ್ಷದವರೆಗಿನ ಕಾರಿಗೆ ನೂರಕ್ಕೆ 13, ಐದರಿಂದ ಹತ್ತು ಲಕ್ಷದವರೆಗೆ 14, ಹತ್ತರಿಂದ ಇಪ್ಪತ್ತರವರೆಗೆ 17, ಅದಕ್ಕೂ ಮೇಲೆ 18, ಮತ್ತು ಈ ತೆರಿಗೆಯ ಮೇಲೆ ನೂರಕ್ಕೆ 11ರಂತೆ ಮೇಲುತೆರಿಗೆ ಎಂಬ ಕ್ರಮವು ಬಹುಕಾಲದಿಂದ ನಡೆದುಬಂದಿದೆ. ಇದರಲ್ಲಿ ಒಂದು ಬಲೆಯುಂಟು. ಹತ್ತು ಲಕ್ಷದ ಗೆರೆ ದಾಟಿದರೆ, ದಾಟಿದ ಭಾಗಕ್ಕೆ ಮಾತ್ರವಲ್ಲ, ಇಡೀ ಬೆಲೆಗೆ ಹೊಸ ದರ ಬೀಳುತ್ತದೆ. 9,90,000 ರೂಪಾಯಿನ ಕಾರಿಗೆ ತೆರಿಗೆ ಸುಮಾರು 1,53,800; 10,10,000 ರೂಪಾಯಿನ ಕಾರಿಗೆ ಸುಮಾರು 1,90,600. ಇಪ್ಪತ್ತು ಸಾವಿರ ಹೆಚ್ಚು ಬೆಲೆಯ ಮಾದರಿಗೆ ಆಸೆಪಟ್ಟವನು ತೆರಿಗೆಯಲ್ಲಿಯೇ ಮೂವತ್ತಾರು ಸಾವಿರದ ಮೇಲೆ ಹೆಚ್ಚಾಗಿ ತೆರುತ್ತಾನೆ. ಅಂಗಡಿಯಲ್ಲಿ ಚಕ್ರದ ಹೊಳಪಿಗೋ ಮೇಲ್ಛಾವಣಿಯ ಕಿಟಕಿಗೋ ಮನಸೋಲುವ ಮುನ್ನ ಈ ಲೆಕ್ಕವನ್ನು ನೆನೆಯತಕ್ಕದ್ದು.

ಕಾರು ಎಂಬುದು ನಮ್ಮ ನಾಡಿಗೆ ಹೊರಗಿನಿಂದ ಬಂದ ಬೆಡಗಿನ ವಸ್ತುವೆಂದು ತಿಳಿಯುವವರಿಗೆ ಹಳೆಯದೊಂದು ಸಂಗತಿಯನ್ನು ಜ್ಞಾಪಿಸಬೇಕಾಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ದೇಶೀಯ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿ, ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು, ವಾಲಚಂದ್ ಹೀರಾಚಂದರೊಡನೆ ಅದಕ್ಕಾಗಿ ಶ್ರಮಿಸಿದರು. ಮೈಸೂರು ಸಂಸ್ಥಾನವು ಕೈಜೋಡಿಸಲು ಮುಂದೆ ಬಂದರೂ ಆಂಗ್ಲ ಸರಕಾರದವರು ಅಡ್ಡಿಯಾದರು. ವಾಲಚಂದರ ಪ್ರೀಮಿಯರ್ ಕಾರ್ಖಾನೆಯು 1944ರಲ್ಲಿ ಮುಂಬಯಿಯ ಪಾಲಾಯಿತು. ಆ ಬಳಿಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದು, ನಮ್ಮ ಬಿಡದಿಯಲ್ಲಿ ಟೊಯೋಟಾ ಮತ್ತು ಕಿರ್ಲೋಸ್ಕರರು ಕೂಡಿ ಕಟ್ಟಿದ ಕಾರ್ಖಾನೆಯಿಂದ 2000ನೆಯ ಇಸವಿಯಲ್ಲಿ ಮೊದಲು ಪೇಟೆಗೆ ಬಂದುದು ಯಾವುದು? ಕ್ವಾಲಿಸ್ ಎಂಬ ತುಂಬು ಸಂಸಾರದ ಗಾಡಿ! 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂದಿತು. ಕನ್ನಡ ನೆಲದ ಕಾರ್ಖಾನೆಯೇ ದೇಶಕ್ಕೆ ದೊಡ್ಡ ಸಂಸಾರದ ಕಾರನ್ನು ಒದಗಿಸಿತು. ಆದರೆ ಅದರ ಬೆಲೆಯು ಏರುತ್ತ ಏರುತ್ತ, ಬಿಡದಿಗೆ ಅಷ್ಟೊಂದು ದೂರವಿಲ್ಲದ ಕೊರಟಗೆರೆಯ ಉಪಾಧ್ಯಾಯನ ಕೈಗೆ ಎಟುಕದ ಎತ್ತರವನ್ನು ಮುಟ್ಟಿದೆ.

ಎಟುಕುವಂಥವು ಯಾವುವು? ಹತ್ತು ಲಕ್ಷದ ಆಸುಪಾಸಿನಲ್ಲಿ ಹೊಸದಾಗಿ ಕೊಳ್ಳುವವರ ಕಣ್ಣು ಬೀಳುವುದು ಮುಖ್ಯವಾಗಿ ಮೂರರ ಮೇಲೆ. ಒಂದನೆಯದು ರೆನೋ ಕಂಪನಿಯ ಟ್ರೈಬರ್. 2019ರಲ್ಲಿ ಬಂದ ಇದು ನಾಲ್ಕು ಮೀಟರಿಗೆ ಬೆರಳಷ್ಟು ಕಡಿಮೆ, 999 ಸಿ.ಸಿ. ಯಂತ್ರ, ಕಡಿಮೆ ತೆರಿಗೆಯ ಗೆರೆಯೊಳಗೆ ಏಳು ಆಸನಗಳನ್ನು ಹಿಡಿಸಿದ ಚಮತ್ಕಾರ. 2025ರ ಸೆಪ್ಟೆಂಬರಿನ ಇಳಿತದ ಮೇಲೆ ಇದರ ಅಂಗಡಿ ಬೆಲೆ ಐದೂಮುಕ್ಕಾಲು ಲಕ್ಷದಿಂದ ಆರಂಭವಾಯಿತು. ಎರಡನೆಯದು ಮಾರುತಿ ಸುಜುಕಿಯ ಎರ್ಟಿಗಾ. 2012ರಿಂದ ಇರುವ ಇದರ ಉದ್ದ ನಾಲ್ಕು ಮೀಟರಿಗಿಂತ ಹೆಚ್ಚು, ಯಂತ್ರ 1462 ಸಿ.ಸಿ. ಗೆರೆಯ ಹೊರಗೆ ನಿಂತು ನೂರಕ್ಕೆ 40 ತೆರುವ ಇದು ಅದೇ ಕಾಲದಲ್ಲಿ ಎಂಟೂಮುಕ್ಕಾಲು ಲಕ್ಷದ ಮೇಲೆ ಆರಂಭವಾಯಿತು. ಮೂರನೆಯದು ನಮ್ಮ ಹಳ್ಳಿಗಳಲ್ಲಿ ಮನೆಮಾತಾದ ಮಹೀಂದ್ರ ಬೊಲೆರೊ. 2000ನೆಯ ಇಸವಿಯಿಂದ ಓಡುತ್ತಿರುವ ಡೀಸೆಲು ಗಾಡಿ; ಉದ್ದ 3995 ಮಿಲಿಮೀಟರು. ಕಿಯಾ ಕಂಪನಿಯ ಕ್ಯಾರೆನ್ಸ್ ಮೊದಲಾದವು ಹತ್ತು ಲಕ್ಷದ ಗೆರೆಯನ್ನು ದಾಟಿದವಾದುದರಿಂದ ಅವುಗಳ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ.

ಈ ಮೂರರ ಗುಣದೋಷಗಳನ್ನು ನಮ್ಮ ಸೀಮೆಯ ರಸ್ತೆಯ ಮೇಲೆ ಇಟ್ಟು ತೂಗಬೇಕು. ಟ್ರೈಬರಿನಲ್ಲಿ ಏಳು ಜನ ಕುಳಿತರೆ ಹಿಂದೆ ಸಾಮಾನಿಗೆ ಉಳಿಯುವ ಜಾಗ 84 ಲೀಟರು; ಎರಡು ಕೈಚೀಲ ಹಿಡಿದರೆ ಹೆಚ್ಚು. ಹಬ್ಬಕ್ಕೆ ಊರಿಗೆ ಹೋಗಿ ಬರುವಾಗ ತಾಯಿ ಕಟ್ಟಿಕೊಡುವ ರಾಗಿಯ ಮೂಟೆಯನ್ನೂ ಕಡಲೆಕಾಯಿಯ ಚೀಲವನ್ನೂ ಎಲ್ಲಿಡುವುದು? ಹಿಂದಿನ ಎರಡು ಆಸನಗಳನ್ನು ಬಿಚ್ಚಿ ಮನೆಯಲ್ಲಿಟ್ಟರೆ 625 ಲೀಟರಿನ ಜಾಗ ದೊರಕುತ್ತದೆ. ಇದು ಅದರ ದೊಡ್ಡ ಗುಣ. ಏಳು ಜನರನ್ನು ಹೊತ್ತು, ತಂಪುಯಂತ್ರವನ್ನು ನಡೆಸಿಕೊಂಡು ದೇವರಾಯನದುರ್ಗದ ಏರನ್ನು ಹತ್ತುವಾಗ ಅದರ ಸಣ್ಣ ಯಂತ್ರವು ಏದುಸಿರು ಬಿಡುವುದು ಸಹಜ. ಆತುರಗಾರರು ಅದನ್ನು ಕೊಳ್ಳಬಾರದು. ಎರ್ಟಿಗಾದಲ್ಲಿ ಏಳು ಜನರ ಹಿಂದೆ 209 ಲೀಟರು ಉಳಿಯುತ್ತದೆ, ಯಂತ್ರಕ್ಕೂ ದಮ್ಮುಂಟು. ಅನಿಲದಲ್ಲಿ ಓಡುವ ಮಾದರಿಯನ್ನು ಕೊಂಡರೆ ಇಂಧನದ ಖರ್ಚು ಇಳಿಯುತ್ತದೆ ನಿಜ. ಆದರೆ ಆ ಸಿಲಿಂಡರು ಕೂರುವುದು ಇದೇ ಸಾಮಾನಿನ ಜಾಗದಲ್ಲಿ. ತಮ್ಮ ನಿತ್ಯದ ದಾರಿಯಲ್ಲಿ ಅನಿಲದ ಬಂಕು ಎಲ್ಲಿದೆಯೆಂದು ಕಣ್ಣಾರೆ ನೋಡದೆ ಅದಕ್ಕೆ ಹಣ ಕಟ್ಟಕೂಡದು. ಬೊಲೆರೊ ಹೊಲದ ದಾರಿಗೆ ಗಟ್ಟಿ; ಆದರೆ ಅದರ ಹಿಂದಿನ ಆಸನಗಳು ಪಕ್ಕಕ್ಕೆ ಮುಖಮಾಡಿದವು. ಅಡ್ಡಲಾಗಿ ಕುಳಿತವರಿಗೆ ಡಿಕ್ಕಿಯ ಹೊತ್ತಿನಲ್ಲಿ ರಕ್ಷಣೆ ಕಡಿಮೆ. ಮಕ್ಕಳನ್ನು ಅಲ್ಲಿ ಕೂರಿಸುವ ತಂದೆತಾಯಿಗಳು ಎರಡು ಸಲ ಯೋಚಿಸಬೇಕು.

ಸುರಕ್ಷತೆಯ ಮಾತು ಬಂದುದರಿಂದ ಇನ್ನೂ ಸ್ವಲ್ಪ ಹೇಳಬೇಕು. ಮೈಲೇಜು ಎಷ್ಟು ಎಂದು ಮೊದಲು ಕೇಳುವ ನಮ್ಮವರು, ಡಿಕ್ಕಿಯಾದರೆ ಏನಾಗುತ್ತದೆ ಎಂದು ಕೊನೆಗೂ ಕೇಳುವುದಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು 2019ರಲ್ಲಿ ಎರ್ಟಿಗಾಕ್ಕೆ ಮೂರು ತಾರೆಗಳನ್ನು ಕೊಟ್ಟರು. ನಿಯಮಗಳನ್ನು ಬಿಗಿಗೊಳಿಸಿದ ಮೇಲೆ 2024ರಲ್ಲಿ, ಎರಡೇ ಗಾಳಿಚೀಲಗಳಿದ್ದ ಮಾದರಿಯನ್ನು ಪರೀಕ್ಷಿಸಿ, ದೊಡ್ಡವರ ರಕ್ಷಣೆಗೆ ಒಂದೇ ತಾರೆ ಕೊಟ್ಟರು. ಟ್ರೈಬರ್ 2021ರಲ್ಲಿ ಹಳೆಯ ನಿಯಮದಂತೆ ನಾಲ್ಕು ತಾರೆ ಪಡೆದಿತ್ತು. 2025ರಲ್ಲಿ ಈ ಎರಡು ಗಾಡಿಗಳಿಗೂ ಆರು ಗಾಳಿಚೀಲಗಳನ್ನು ಎಲ್ಲ ಮಾದರಿಗಳಲ್ಲಿಯೂ ಕೊಡತೊಡಗಿದರು, ಇದು ಸ್ವಾಗತಾರ್ಹ. ಆದುದರಿಂದ ತಾರೆಯ ಸಂಖ್ಯೆಯನ್ನು ಮಾತ್ರ ಕೇಳದೆ, ಯಾವ ವರ್ಷದ ಪರೀಕ್ಷೆ, ಯಾವ ಮಾದರಿ, ಎಷ್ಟು ಗಾಳಿಚೀಲ ಎಂದು ಕೇಳಿ ತಿಳಿಯಬೇಕು. 2023ರಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ನಡೆಯುತ್ತಿದೆ. ಕೊಳ್ಳುವವರೆಲ್ಲ ಅದರ ಫಲಿತಾಂಶವನ್ನು ಕೇಳತೊಡಗಿದರೆ ಕಂಪನಿಯವರು ತಾವಾಗಿಯೇ ದಾರಿಗೆ ಬರುತ್ತಾರೆ. ಹಿಂದಿನ ಆಸನದವರಿಗೆ ಪಟ್ಟಿ ಏಕೆ ಎನ್ನುವವರು, ಟಾಟಾ ಸಂಸ್ಥೆಯ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿಯವರು 2022ರ ಸೆಪ್ಟೆಂಬರು 4ರಂದು ಬೆಲೆಬಾಳುವ ಕಾರಿನ ಹಿಂದಿನ ಆಸನದಲ್ಲಿ ಪಟ್ಟಿ ಕಟ್ಟದೆ ಕುಳಿತು ಅಪಘಾತದಲ್ಲಿ ತೀರಿಕೊಂಡುದನ್ನು ನೆನೆಯಲಿ. ಕಾರು ಎಷ್ಟೇ ದೊಡ್ಡದಾಗಲಿ, ಪಟ್ಟಿಗೆ ಬದಲಿಲ್ಲ.

ಇನ್ನು ಸಾಲದ ವಿಚಾರ. ಇಲ್ಲಿಯೇ ನಮ್ಮ ಉಪಾಧ್ಯಾಯರಂಥವರು ಎಡವುವುದು. ಏಳು ಲಕ್ಷ ರೂಪಾಯಿಗೆ ನೂರಕ್ಕೆ 9ರ ಬಡ್ಡಿಯಂತೆ ಏಳು ವರ್ಷದ ಸಾಲವೆಂದರೆ ತಿಂಗಳ ಕಂತು ಸುಮಾರು 11,260 ರೂಪಾಯಿ. ಒಟ್ಟು ಬಡ್ಡಿ ಸುಮಾರು 2,46,000. ಅದೇ ಸಾಲವನ್ನು ಐದು ವರ್ಷದಲ್ಲಿ ತೀರಿಸುವುದಾದರೆ ಕಂತು ಸುಮಾರು 14,530. ಬಡ್ಡಿ ಸುಮಾರು 1,72,000. ಕಂತನ್ನು ಹಗುರ ಮಾಡುತ್ತೇವೆಂದು ಬ್ಯಾಂಕಿನವರು ಮಾಡುವ ಉಪಕಾರದ ಬೆಲೆ ಎಪ್ಪತ್ತನಾಲ್ಕು ಸಾವಿರ! ಇದರ ಮೇಲೆ ಇಂಧನವುಂಟು. ತಿಂಗಳಿಗೆ ಸಾವಿರ ಕಿಲೋಮೀಟರು ಓಡಿ, ಲೀಟರಿಗೆ ಹದಿನೈದು ಕಿಲೋಮೀಟರು ಬಂದು, ಪೆಟ್ರೋಲಿಗೆ ನೂರು ರೂಪಾಯಿ ಹಿಡಿದರೂ ಆರೂವರೆ ಸಾವಿರದ ಮೇಲೆ. ವಿಮೆ, ದುರಸ್ತಿ, ಚಕ್ರ, ಸುಂಕದ ಕಟ್ಟೆ ಬೇರೆ. ಹೆದ್ದಾರಿಯ ಸುಂಕಕ್ಕೆ 2025ರ ಆಗಸ್ಟು 15ರಿಂದ ಮೂರು ಸಾವಿರ ರೂಪಾಯಿನ ವಾರ್ಷಿಕ ಪಾಸು ಬಂದಿತು. ಶಿರಾದಿಂದ ಬೆಂಗಳೂರಿಗೆ ಓಡಾಡುವವರಿಗೆ ಅದು ಲಾಭ. ಆದರೆ ಅದು ರಾಷ್ಟ್ರೀಯ ಹೆದ್ದಾರಿಗಷ್ಟೇ, ರಾಜ್ಯ ಹೆದ್ದಾರಿಯ ಕಟ್ಟೆಯಲ್ಲಿ ಸಲ್ಲದು.

ಹಣದ ಲೆಕ್ಕಕ್ಕಿಂತಲೂ ಮುಖ್ಯವಾದುದು ಕಾಲದ ಲೆಕ್ಕ. ನಮ್ಮ ಉಪಾಧ್ಯಾಯರ ತಂಗಿಗೆ ಇನ್ನೆರಡು ವರ್ಷದಲ್ಲಿ ಮದುವೆಯಾಗಬಹುದು. ಹಿರಿಯ ಮಗನು ನಾಲ್ಕು ವರ್ಷದಲ್ಲಿ ಕಾಲೇಜಿಗೆಂದು ಬೆಂಗಳೂರಿನ ವಿದ್ಯಾರ್ಥಿನಿಲಯ ಸೇರುತ್ತಾನೆ. ವಯಸ್ಸಾದವರು ಇಂದು ಇದ್ದಂತೆ ಮುಂದೆಯೂ ಪ್ರಯಾಣ ಮಾಡುವರೆಂಬ ಭರವಸೆಯಿಲ್ಲ. ಏಳನೆಯ ವರ್ಷದ ಕಂತನ್ನು ಕಟ್ಟುವ ಹೊತ್ತಿಗೆ ಏಳು ಆಸನದ ಗಾಡಿಯಲ್ಲಿ ಮೂವರೇ ಕುಳಿತಿರುವ ಸಂಭವ ಹೆಚ್ಚು. ಸಂಸಾರವು ಕುಗ್ಗುವ ವೇಗವನ್ನು ಸಾಲದ ಅವಧಿಯು ಮೀರಬಾರದು ಎಂಬುದೇ ಈ ವಿಷಯದಲ್ಲಿ ನಮ್ಮ ಮೊದಲನೆಯ ಸೂತ್ರ.

ಎರಡನೆಯ ಸೂತ್ರ, ದಿನಗಳನ್ನು ಎಣಿಸುವುದು. ತಂದೆಯವರನ್ನು ತುಮಕೂರಿನ ವೈದ್ಯರ ಬಳಿಗೆ ಕರೆದೊಯ್ಯಲು ಏಳು ಆಸನ ಬೇಡ. ಎತ್ತರವಾದ ಬಾಗಿಲು, ಸರಿಯಾದ ಮುಂದಿನ ಆಸನ ಸಾಕು. ಮನೆಮಂದಿಯೆಲ್ಲ ಒಟ್ಟಿಗೆ ಹೋಗುವ ದಿನಗಳು ವರ್ಷಕ್ಕೆಷ್ಟು? ದಂಡಿನ ಮಾರಮ್ಮನ ಜಾತ್ರೆ, ಯುಗಾದಿ, ಒಂದೆರಡು ಮದುವೆ, ಮನೆದೇವರ ಹರಕೆ. ಆರು ಲಕ್ಷದ ಸಣ್ಣ ಕಾರಿಗೂ ಒಂಬತ್ತೂವರೆ ಲಕ್ಷದ ದೊಡ್ಡ ಕಾರಿಗೂ ಬೆಲೆ ಮತ್ತು ರಸ್ತೆ ತೆರಿಗೆಗಳಲ್ಲಿ ನಾಲ್ಕು ಲಕ್ಷದ ಅಂತರ. ಐದು ವರ್ಷದ ಬಡ್ಡಿ ಸೇರಿದರೆ ಐದು ಲಕ್ಷ. ಹತ್ತು ವರ್ಷದ ಮೇಲೆ ಮಾರಿದಾಗ ದೊಡ್ಡದಕ್ಕೆ ಒಂದು ಲಕ್ಷ ಹೆಚ್ಚು ಬಂದಿತೆಂದರೂ ವರ್ಷಕ್ಕೆ ನಲವತ್ತು ಸಾವಿರವು ಆ ಹಿಂದಿನ ಎರಡು ಆಸನಗಳ ಬಾಡಿಗೆಯಾಯಿತು. ಬಾಡಿಗೆಯ ದೊಡ್ಡ ಗಾಡಿಗೆ ಕಿಲೋಮೀಟರಿಗೆ 18 ರೂಪಾಯಿಯಂತೆ ಮುನ್ನೂರು ಕಿಲೋಮೀಟರು, ಚಾಲಕನ ಭತ್ಯ ಸೇರಿ, ದಿನಕ್ಕೆ ಆರು ಸಾವಿರವೆಂದಿಟ್ಟುಕೊಳ್ಳೋಣ. ಅಂದರೆ ಏಳು ಜನರೂ ಒಟ್ಟಿಗೆ ದೂರ ಹೋಗುವ ದಿನಗಳು ವರ್ಷಕ್ಕೆ ಆರೇಳಕ್ಕಿಂತ ಕಡಿಮೆಯಿದ್ದರೆ ಸಣ್ಣ ಕಾರನ್ನು ಕೊಂಡು ಆ ದಿನಗಳಿಗೆ ಬಾಡಿಗೆ ಹಿಡಿಯುವುದೇ ಜಾಣತನ. ಹೆಚ್ಚಿದ್ದರೆ ದೊಡ್ಡದನ್ನು ಕೊಳ್ಳುವುದು ತಪ್ಪಲ್ಲ. ಮನೆಯ ಹಳೆಯ ಪಂಚಾಂಗವನ್ನು ಮುಂದಿಟ್ಟುಕೊಂಡು ಎಣಿಸಿದರೆ ಹತ್ತು ನಿಮಿಷದ ಕೆಲಸ.

ಹಳೆಯ ಇನ್ನೋವಾವನ್ನೇ ಕೊಂಡರಾಗದೆ ಎಂದು ಕೇಳುವವರು ಬಹಳ. ಆಗಬಹುದು, ಆದರೆ ಕಣ್ಣು ತೆರೆದಿರಬೇಕು. ಅದು ಬಾಡಿಗೆಗೆ ಓಡಿದ ಗಾಡಿಯೋ ಮನೆಯ ಗಾಡಿಯೋ, ಅಪಘಾತವಾದದ್ದೋ, ಓಟದ ಅಂಕಿಯನ್ನು ತಿದ್ದಿದ್ದಾರೆಯೋ ಎಂಬುದನ್ನು ನಂಬಿಕೆಯ ಮೇಸ್ತ್ರಿಯಿಂದ ಪರೀಕ್ಷೆ ಮಾಡಿಸಬೇಕು. ಹದಿನೈದು ವರ್ಷಕ್ಕೆ ನೋಂದಣಿ ನವೀಕರಣದ ವೆಚ್ಚ ಬರುತ್ತದೆ. ದೆಹಲಿಯಿಂದ ಅಗ್ಗಕ್ಕೆ ಬಂದ ಡೀಸೆಲು ಗಾಡಿಗಳಿಗೂ, ಗಡಿಯಾಚೆಯಿಂದ ಪಾವಗಡಕ್ಕೆ ಬರುವ ಆಂಧ್ರದ ಅಂಕಿಯ ಗಾಡಿಗಳಿಗೂ ನಮ್ಮ ರಾಜ್ಯದ ತೆರಿಗೆಯನ್ನು ತೆತ್ತು ಮಧುಗಿರಿಯ ಸಾರಿಗೆ ಕಚೇರಿಯ ಕೆಎ 64 ಅಂಕಿತವನ್ನು ಪಡೆಯುವ ಹೊತ್ತಿಗೆ ಆ ಅಗ್ಗವು ಅಗ್ಗವಾಗಿ ಉಳಿಯುವುದಿಲ್ಲ.

ಮತ್ತೊಂದು ದುರ್ಬೋಧೆಯನ್ನು ಇಲ್ಲಿ ಖಂಡಿಸದಿರಲಾರೆವು. “ದೊಡ್ಡ ಗಾಡಿ ತೆಗೆದುಕೊಳ್ಳಿ, ವಾರಕ್ಕೆರಡು ಟ್ರಿಪ್ಪು ಹೊಡೆಸಿದರೆ ಕಂತು ತಾನೇ ಹುಟ್ಟುತ್ತದೆ” ಎಂದು ಕಿವಿಯಲ್ಲಿ ಊದುವವರುಂಟು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಂಥ ಓಟದಲ್ಲಿ ಅಪಘಾತವಾದರೆ ವಿಮೆಯವರು ಪರಿಹಾರವನ್ನು ನಿರಾಕರಿಸಲು ಕಾರಣ ದೊರೆತಂತಾಗುತ್ತದೆ. ಹಳದಿ ಫಲಕ ಹಾಕಿಕೊಂಡು, ತೆರಿಗೆ ಕಟ್ಟಿ, ಅದರಿಂದಲೇ ಹೊಟ್ಟೆ ಹೊರೆಯುವ ಚಾಲಕನ ಅನ್ನಕ್ಕೂ ಇದು ಕಲ್ಲು. ಸರಕಾರಿ ನೌಕರರಂತೂ ಈ ಕೆಸರಿಗೆ ಕಾಲಿಡಲೇಕೂಡದು.

ವಿದ್ಯುತ್ತಿನ ಗಾಡಿಯ ಮಾತನ್ನೂ ಹೇಳದೆ ಬಿಟ್ಟರೆ ಪಾವಗಡದವರು ನಮ್ಮನ್ನು ಕ್ಷಮಿಸಲಾರರು. ಅವರ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಕ್ಷೇತ್ರವು 2050 ಮೆಗಾವಾಟಿನದು. ವಿದ್ಯುತ್ ಕಾರಿಗೆ ಸರಕು ಸೇವಾ ತೆರಿಗೆಯೂ ನೂರಕ್ಕೆ 5 ಮಾತ್ರ. ಆದರೂ 2025ರ ಜುಲೈಯಲ್ಲಿ ಬಂದ ಕಿಯಾ ಕಂಪನಿಯ ಏಳು ಆಸನದ ವಿದ್ಯುತ್ ಗಾಡಿಯ ಬೆಲೆ ಹದಿನೆಂಟು ಲಕ್ಷದಿಂದ ಆರಂಭ. ನಮ್ಮ ಬಿಸಿಲಿನಿಂದ ಹುಟ್ಟಿದ ವಿದ್ಯುತ್ತು ಎಲ್ಲೆಲ್ಲಿಗೋ ಹೋಗುತ್ತದೆ; ಆ ವಿದ್ಯುತ್ತಿನಲ್ಲಿ ಓಡುವ ಸಂಸಾರದ ಗಾಡಿ ನಮ್ಮ ಬಾಗಿಲಿಗೆ ಬರುವುದಿಲ್ಲ.

ಸರಕಾರದವರಿಗೆ ನಮ್ಮ ಸೂಚನೆಗಳು ಮೂರು. ಉದ್ದವನ್ನು ಅಳೆಯುವ ಗಜಕಡ್ಡಿಯ ಜೊತೆಗೆ ಆಸನದ ಎಣಿಕೆಯನ್ನೂ ಇಟ್ಟು, ಸಾಧಾರಣ ಯಂತ್ರದ, ಪಟ್ಟಿ ಮತ್ತು ಗಾಳಿಚೀಲಗಳುಳ್ಳ ಏಳು ಆಸನದ ಗಾಡಿಗೆ ತೆರಿಗೆಯನ್ನು ಇಳಿಸಲಿ. ರಾಜ್ಯ ಸರಕಾರದವರು ಹತ್ತು ಲಕ್ಷದ ಗೆರೆಯಲ್ಲಿ ಇಡೀ ಬೆಲೆಗೆ ದರ ಏರುವ ಪದ್ಧತಿಯನ್ನು ತಿದ್ದಿ, ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಹಾಕಲಿ. ಎಲ್ಲಕ್ಕಿಂತ ಮೊದಲಾಗಿ, ರಾಯದುರ್ಗದ ರೈಲನ್ನು ತ್ವರಿತವಾಗಿ ಮುಗಿಸಿ, ಸಂಜೆಯ ಮೇಲೂ ಹಳ್ಳಿಗಳಿಗೆ ತಗ್ಗು ಮೆಟ್ಟಿಲಿನ ಬಸ್ಸುಗಳನ್ನು ಓಡಿಸಲಿ. ಒಳ್ಳೆಯ ಬಸ್ಸು ಇರುವ ಊರಿನಲ್ಲಿ ಉಪಾಧ್ಯಾಯನು ಏಳು ವರ್ಷದ ಸಾಲಕ್ಕೆ ಕೊರಳೊಡ್ಡುವ ಪ್ರಮೇಯವೇ ಬರುವುದಿಲ್ಲ.

ಕೊನೆಗೆ ನಮ್ಮ ಕೊರಟಗೆರೆಯ ಮಿತ್ರರಿಗೆ. ನಾವು ಹೇಳಿದಂತೆ ಅವರು ಮನೆಗೆ ಹೋಗಿ ಎಣಿಸಿ ಬಂದರು: ಏಳು ಜನರೂ ಒಟ್ಟಿಗೆ ಹೊರಟ ದಿನಗಳು ಕಳೆದ ವರ್ಷ ಒಂಬತ್ತು. ಗೆರೆಗಿಂತ ಸ್ವಲ್ಪ ಮೇಲೆ. ಆದುದರಿಂದ ದೊಡ್ಡ ಗಾಡಿ ಬೇಡವೆಂದು ನಾವು ಹೇಳಲಿಲ್ಲ. ದೊಡ್ಡ ಸಾಲ ಬೇಡವೆಂದೆವು. ನಾಲ್ಕು ಮೀಟರಿನ ಒಳಗಿನ ಏಳು ಆಸನದ ಗಾಡಿಯಲ್ಲಿ ಏಳು ಲಕ್ಷದ ಮಾದರಿಯನ್ನು ಆರಿಸಿದರೆ, ರಸ್ತೆ ತೆರಿಗೆ ಸುಮಾರು 1,09,000, ವಿಮೆ ಮೊದಲಾದವು ಸುಮಾರು ನಲವತ್ತು ಸಾವಿರ, ಒಟ್ಟು ಎಂಟೂವರೆ ಲಕ್ಷ. ಕೈಯಲ್ಲಿರುವ ಮೂರು ಲಕ್ಷ ಕಳೆದು ಸಾಲ ಐದೂವರೆ ಲಕ್ಷ. ಅದನ್ನು ಐದೇ ವರ್ಷಕ್ಕೆ ತೆಗೆದುಕೊಂಡರೆ ಕಂತು ಸುಮಾರು 11,400, ಅಂದರೆ ಬ್ಯಾಂಕಿನವರು ಏಳು ವರ್ಷಕ್ಕೆ ಹೇಳಿದ ಕಂತಿಗೆ ಹೆಚ್ಚುಕಡಿಮೆ ಸಮ. ಬಡ್ಡಿಯಲ್ಲಿ ಒಂದು ಲಕ್ಷದ ಮೇಲೆ ಉಳಿತಾಯ. ಬಂಧನದಿಂದ ಎರಡು ವರ್ಷ ಮೊದಲೇ ಬಿಡುಗಡೆ.

ಹಣ ಕಟ್ಟುವ ಮೊದಲು ಮನೆಯ ಏಳು ಜನರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಗಳಿಗೆ ಅದರಲ್ಲಿ ಕೂರಿಸಿ ನೋಡಿ ಎಂದೂ ಹೇಳಿದೆವು. ತಂದೆಯವರು ಮಂಡಿ ಮಡಿಸಿ ಹತ್ತಬಲ್ಲರೆ, ಹಿಂದಿನ ಸಾಲಿನಲ್ಲಿ ಕುಳಿತ ಹುಡುಗನ ತಲೆಗೂ ಗಾಜಿಗೂ ನಡುವೆ ಎಷ್ಟು ಅಂತರವಿದೆ, ಆ ಆಸನಕ್ಕೆ ಪಟ್ಟಿ ಸರಿಯಾಗಿ ಬೀಳುತ್ತದೆಯೆ ಎಂಬುದನ್ನು ಮಾರಾಟಗಾರನ ಬಾಯಿಂದ ಕೇಳದೆ ಕಣ್ಣಾರೆ ಕಾಣತಕ್ಕದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಕಾಲು ಚಾಚಲೇಬಾರದೆಂದು ಅವರು ಹೇಳಲಿಲ್ಲ. ಮಂಡಿ ಹಿಡಿದ ತಂದೆಯನ್ನು ಮನೆಯಲ್ಲಿ ಬಿಟ್ಟು ಮಕ್ಕಳು ಮಾತ್ರ ಜಾತ್ರೆಗೆ ಹೋಗುವ ಸ್ಥಿತಿ ನಮ್ಮ ನಾಡಿನ ಯಾವ ಮನೆಗೂ ಬಾರದಿರಲಿ. ಅದನ್ನು ತಪ್ಪಿಸುವ ಹೆಸರಿನಲ್ಲಿ ಆ ಮನೆಯು ಸಾಲಕ್ಕೆ ಅಡವಾಗದಿರಲಿ ಎಂಬುದೇ ನಮ್ಮ ಆಶಯ.